ಹವಾನಾದಲ್ಲಿ ಪಾಠ, ಅಪ್ಪಣೆ ಖಜಾನೆಯದು

ಅಮೆರಿಕದ ಫ್ಲೋರಿಡಾ ರಾಜ್ಯದ ತುದಿಯಲ್ಲಿ ಕೀ ವೆಸ್ಟ್ ಎಂಬ ಊರಿದೆ. ಅಲ್ಲಿಂದ ಕ್ಯೂಬಾಕ್ಕೆ 90 ಮೈಲಿ, ಅಂದರೆ ಸುಮಾರು 145 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟೇ ದೂರ. 1963ರ ಬೇಸಿಗೆಯಲ್ಲಿ 58 ಅಮೆರಿಕನ್ನರು ಈ ದ್ವೀಪ ನೋಡಲು ಹೊರಟರು. ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ಮೊದಲು ಅಟ್ಲಾಂಟಿಕ್ ದಾಟಿ ಯುರೋಪಿಗೆ ಹೋದರು. ಅಲ್ಲಿ ವಿಮಾನ ಬದಲಿಸಿ, ಅದೇ ಸಾಗರವನ್ನು ಮತ್ತೆ ದಾಟಿ ಹವಾನಾದಲ್ಲಿ ಇಳಿದರು. ನೇರ ದಾರಿ ಅವರಿಗೆ ಮುಚ್ಚಿತ್ತು.

ಮುಚ್ಚಿದ್ದು ಅವರದೇ ಸರ್ಕಾರ. 1959ರಲ್ಲಿ ಫಿಡೆಲ್ ಕ್ಯಾಸ್ಟ್ರೋ ಅಧಿಕಾರಕ್ಕೆ ಬಂದ ಮೇಲೆ ಅಲ್ಲಿದ್ದ ಅಮೆರಿಕನ್ ಕಂಪನಿಗಳ ಆಸ್ತಿ ಕ್ಯೂಬಾ ಸರ್ಕಾರದ ಪಾಲಾಯಿತು. 1961ರ ಜನವರಿಯಲ್ಲಿ ಎರಡೂ ದೇಶಗಳ ರಾಜತಾಂತ್ರಿಕ ಸಂಬಂಧ ಮುರಿದುಬಿತ್ತು. ಅದೇ ತಿಂಗಳು ಅಮೆರಿಕದ ವಿದೇಶಾಂಗ ಇಲಾಖೆ, ವಿಶೇಷ ಒಪ್ಪಿಗೆ ಇಲ್ಲದ ಪಾಸ್‌ಪೋರ್ಟ್ ಕ್ಯೂಬಾಕ್ಕೆ ನಡೆಯುವುದಿಲ್ಲ ಎಂದಿತು. 1962ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನಡಿ ಪೂರ್ತಿ ವ್ಯಾಪಾರ ನಿರ್ಬಂಧಕ್ಕೆ ಸಹಿ ಹಾಕಿದರು.

ವಿದ್ಯಾರ್ಥಿಗಳ ಪ್ರವಾಸ ಏರ್ಪಡಿಸಿದವರ ಮೇಲೆ ಕ್ರಿಮಿನಲ್ ಕೇಸು ಬಿತ್ತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1967ರಲ್ಲಿ ಕೋರ್ಟು ಒಮ್ಮತದಿಂದ ಹೇಳಿದ್ದು ಇಷ್ಟು: ಇವರ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು. ಅದರಲ್ಲಿ ಕ್ಯೂಬಾಕ್ಕೆ ಒಪ್ಪಿಗೆ ಇರಲಿಲ್ಲ ನಿಜ. ಆದರೆ ಒಪ್ಪಿಗೆ ಇಲ್ಲದ ದೇಶಕ್ಕೆ ಹೋಗುವುದು ಅಪರಾಧ ಎಂದು ಯಾವ ಕಾನೂನೂ ಹೇಳಿಲ್ಲ. ಕೇಸು ಬಿದ್ದುಹೋಯಿತು.

ಅಲ್ಲಿಗೆ ವಿದ್ಯಾರ್ಥಿಗಳ ದಾರಿ ತೆರೆಯಬೇಕಿತ್ತು ಅಲ್ವಾ? ತೆರೆಯಲಿಲ್ಲ. ಸರ್ಕಾರದ ಕೈಯಲ್ಲಿ ಇನ್ನೊಂದು ಹಗ್ಗ ಇತ್ತು. ಇವತ್ತಿಗೂ ಅಮೆರಿಕದ ವಿಶ್ವವಿದ್ಯಾಲಯವೊಂದು ಕ್ಯೂಬಾಕ್ಕೆ ಒಂದು ವಾರದ ಅಧ್ಯಯನ ಪ್ರವಾಸ ಹಾಕಿಕೊಂಡರೆ ಸುತ್ತಿಕೊಳ್ಳುವುದು ಅದೇ ಹಗ್ಗ.

ಆ ಹಗ್ಗ ಕಾಲಿಗೆ ಕಟ್ಟುವುದಲ್ಲ, ಜೇಬಿಗೆ ಕಟ್ಟುವುದು. 1963ರ ಜುಲೈ 8ರಂದು ಅಮೆರಿಕದ ಖಜಾನೆ ಇಲಾಖೆ ಕ್ಯೂಬಾ ಆಸ್ತಿ ನಿಯಂತ್ರಣ ನಿಯಮಗಳನ್ನು ತಂದಿತು. ಇವುಗಳ ಬೇರು ಇನ್ನೂ ಹಳೆಯದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ ಬಂದ ಶತ್ರುಗಳೊಡನೆ ವ್ಯಾಪಾರ ಕಾಯ್ದೆ ಅದಕ್ಕೆ ಆಧಾರ. ನಿಯಮದ ಪ್ರಕಾರ ಕ್ಯೂಬಾಕ್ಕಾಗಲಿ ಕ್ಯೂಬಾದ ಪ್ರಜೆಗಾಗಲಿ ಸಂಬಂಧಪಟ್ಟ ಯಾವ ಆಸ್ತಿಯಲ್ಲೂ ಲೈಸೆನ್ಸ್ ಇಲ್ಲದೆ ವ್ಯವಹಾರ ಮಾಡುವಂತಿಲ್ಲ. ಓದಲು ಸರಳವಾಗಿದೆ. ಆದರೆ ಹವಾನಾದಲ್ಲಿ ಇಳಿದ ವಿದ್ಯಾರ್ಥಿ ಟ್ಯಾಕ್ಸಿ ಹತ್ತಿದರೆ ಅದು ವ್ಯವಹಾರ. ಒಂದು ಬಾಟಲಿ ನೀರು ಕೊಂಡರೆ ವ್ಯವಹಾರ. ರಾತ್ರಿ ಮಲಗುವ ಹಾಸಿಗೆಗೆ ಬಾಡಿಗೆ ಕೊಟ್ಟರೆ ಅದೂ ವ್ಯವಹಾರವೇ. ಹೋಗಬೇಡ ಎಂದು ಯಾರೂ ಹೇಳುವುದಿಲ್ಲ. ಹೋದ ಮೇಲೆ ಒಂದು ಪೈಸೆ ಖರ್ಚು ಮಾಡಬೇಡ ಎನ್ನುತ್ತಾರೆ. ಎರಡೂ ಒಂದೇ.

ಇದು ಸರಿಯೇ ಎಂಬ ಪ್ರಶ್ನೆಯೂ ಸುಪ್ರೀಂ ಕೋರ್ಟಿಗೆ ಹೋಗಿದೆ. 1977ರಲ್ಲಿ ಕಾರ್ಟರ್ ಪ್ರವಾಸದ ತಡೆಯನ್ನು ಸಡಿಲ ಬಿಟ್ಟಿದ್ದರು. 1982ರಲ್ಲಿ ರೇಗನ್ ಮತ್ತೆ ಬಿಗಿ ಮಾಡಿದರು. 1984ರಲ್ಲಿ ಕೋರ್ಟು ರೇಗನ್ ಕಡೆ ನಿಂತಿತು. ನ್ಯಾಯಮೂರ್ತಿಗಳಲ್ಲಿ 5 ಜನ ಒಂದು ಕಡೆ, 4 ಜನ ಇನ್ನೊಂದು ಕಡೆ. ಕ್ಯೂಬಾದ ಕೈಗೆ ಡಾಲರ್ ಸೇರದಂತೆ ನೋಡಿಕೊಳ್ಳುವುದು ವಿದೇಶಾಂಗ ನೀತಿಯ ವಿಷಯ, ಅದಕ್ಕಾಗಿ ಪ್ರವಾಸದ ಖರ್ಚು ತಡೆಯಬಹುದು ಎಂದಿತು ಬಹುಮತ. ಒಂದೇ ಒಂದು ಮತದ ಅಂತರ. ಅಂದಿನಿಂದ ಪ್ರವಾಸದ ಬೀಗದ ಕೈ ಖಜಾನೆ ಇಲಾಖೆಯ ವಿದೇಶಿ ಆಸ್ತಿ ನಿಯಂತ್ರಣ ಕಚೇರಿಯಲ್ಲಿದೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಅದನ್ನು ಓಫ್ಯಾಕ್ ಎನ್ನುತ್ತಾರೆ.

ಈ ಕಾನೂನಿನ ಇನ್ನೊಂದು ವಿಚಿತ್ರ ನೋಡಿ. ಇರಾನ್ ಮೇಲೂ ಅಮೆರಿಕದ ನಿರ್ಬಂಧ ಭಾರಿಯಾಗಿದೆ. ಆದರೆ ಅದು 1977ರ ಬೇರೆ ಕಾಯ್ದೆಯ ಕೆಳಗಿದೆ. ಆ ಕಾಯ್ದೆಯಲ್ಲಿ ಪ್ರವಾಸದ ಸಹಜ ಖರ್ಚಿಗೆ ವಿನಾಯಿತಿ ಇದೆ. ಹಾಗಾಗಿ ಅಮೆರಿಕನ್ ಒಬ್ಬ ಇರಾನ್‌ಗೆ ಹೋಗಿ ಊಟ ಮಾಡಿ, ಹೋಟೆಲಿನಲ್ಲಿ ಉಳಿದರೆ ಓಫ್ಯಾಕ್ ಅಡ್ಡ ಬರುವುದಿಲ್ಲ. ಹೋಗುವುದು ಎಷ್ಟು ಸುರಕ್ಷಿತ ಎಂಬುದು ಬೇರೆ ಮಾತು. ಉತ್ತರ ಕೊರಿಯಾದ ಕಥೆ ಮತ್ತೊಂದು. ವರ್ಜೀನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 2016ರಲ್ಲಿ ಅಲ್ಲಿ ಬಂಧನಕ್ಕೊಳಗಾದ. ಕೋಮಾದಲ್ಲಿ ಮನೆಗೆ ಬಂದು 2017ರ ಜೂನ್‌ನಲ್ಲಿ ತೀರಿಕೊಂಡ. ಆಮೇಲೆ ಅಮೆರಿಕನ್ ಪಾಸ್‌ಪೋರ್ಟಿನಲ್ಲಿ ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದರು. ಅಲ್ಲಿ ಜೀವಭಯದ ಕಾರಣ ಇದೆ, ಅರ್ಥವಾಗುತ್ತದೆ. ಶತ್ರುಗಳೊಡನೆ ವ್ಯಾಪಾರ ಕಾಯ್ದೆಯ ಕೆಳಗೆ ಈಗ ಉಳಿದಿರುವ ದೇಶ ಕ್ಯೂಬಾ ಒಂದೇ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಅದನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುತ್ತಾರೆ.

ಹಾಗಾದರೆ ವಿದ್ಯಾರ್ಥಿಗಳು ಹೋಗುವುದು ಹೇಗೆ? ಕ್ಯೂಬಾ ಪ್ರಯಾಣಕ್ಕೆ 12 ಬಗೆಯ ಕಾರಣಗಳನ್ನು ಒಪ್ಪಿದ್ದಾರೆ. ಬಂಧುಗಳ ಭೇಟಿ, ಪತ್ರಿಕಾ ಕೆಲಸ, ಸಂಶೋಧನೆ, ಧಾರ್ಮಿಕ ಕೆಲಸ, ಶಿಕ್ಷಣ, ಹೀಗೆ. ಸುಮ್ನೆ ಸಮುದ್ರ ನೋಡಿ ಬರುತ್ತೇನೆ ಎನ್ನುವ ಪ್ರವಾಸಿಗೆ ಜಾಗವಿಲ್ಲ. 2000ದಲ್ಲಿ ಅಮೆರಿಕದ ಸಂಸತ್ತು ಮೋಜಿನ ಪ್ರವಾಸವನ್ನು ಕಾಯ್ದೆಯಲ್ಲೇ ತಡೆದಿದೆ. ಅದನ್ನು ಅಧ್ಯಕ್ಷರು ಒಬ್ಬರೇ ಬದಲಿಸಲು ಆಗುವುದಿಲ್ಲ. ಅವರು ಬದಲಿಸಬಹುದಾದದ್ದು ಆ 12 ಬಾಗಿಲುಗಳ ಅಗಲವನ್ನು. ಶಿಕ್ಷಣದ ಬಾಗಿಲು ಎಷ್ಟು ತೆರೆದಿರಬೇಕು ಎನ್ನುವುದು ಪ್ರತಿ ಸರ್ಕಾರದ ಜೊತೆ ಬದಲಾಗುತ್ತಾ ಬಂದಿದೆ.

ಲೈಸೆನ್ಸಿನಲ್ಲೂ ಎರಡು ಬಗೆ. ಒಂದು ವಿಶೇಷ ಲೈಸೆನ್ಸ್: ಅರ್ಜಿ ಹಾಕಬೇಕು, ಕಾಯಬೇಕು, ಉತ್ತರ ಬರಬೇಕು. ಇನ್ನೊಂದು ಜನರಲ್ ಲೈಸೆನ್ಸ್: ಅರ್ಜಿ ಬೇಡ, ನಿಯಮದಲ್ಲಿ ಬರೆದ ಷರತ್ತುಗಳಿಗೆ ಹೊಂದಿದರೆ ಹೊರಡಬಹುದು. ಆದರೆ ಹೊಂದಿದ್ದೀರಿ ಎಂದು ತೋರಿಸುವ ಹೊಣೆ ನಿಮ್ಮದೇ. ಈಗ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಸಿಗುವ ಕೋರ್ಸಿನ ಭಾಗವಾಗಿ ಹೋಗುವ ವಿದ್ಯಾರ್ಥಿಗಳಿಗೆ, ಪದವಿಗಾಗಿ ಸಂಶೋಧನೆ ಮಾಡುವವರಿಗೆ, ಕ್ಯೂಬಾದ ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಜನರಲ್ ಲೈಸೆನ್ಸ್ ಇದೆ.

2004ರಲ್ಲಿ ಹೀಗಿರಲಿಲ್ಲ. ಆ ವರ್ಷದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕ್ಲಿಂಟನ್ ಕಾಲದ ಕೊನೆಯಲ್ಲಿ, 1999ರಿಂದ, ಅಮೆರಿಕದ ಕಾಲೇಜುಗಳು ಕ್ಯೂಬಾಕ್ಕೆ ಮಕ್ಕಳನ್ನು ಕಳಿಸುವುದು ಸುಲಭವಾಗಿತ್ತು. ಒಬ್ಬ ಪ್ರೊಫೆಸರ್, 15-20 ವಿದ್ಯಾರ್ಥಿಗಳು, ರಜೆಯಲ್ಲಿ ಎರಡೋ ಮೂರೋ ವಾರ. ಹೆಚ್ಚಿನ ಕೋರ್ಸುಗಳು ಇಷ್ಟೇ ಇದ್ದವು. 2004ರ ಜೂನ್ ಕೊನೆಯಲ್ಲಿ ಬುಷ್ ಸರ್ಕಾರ ಹೊಸ ನಿಯಮ ತಂದಿತು. ಕ್ಯೂಬಾದಲ್ಲಿ ನಡೆಯುವ ಕೋರ್ಸು ಕನಿಷ್ಠ 10 ವಾರ ಇರಬೇಕು. ವಿದ್ಯಾರ್ಥಿಗಳು ಪ್ರವಾಸ ನಡೆಸುವ ಅದೇ ಕಾಲೇಜಿನಲ್ಲಿ ದಾಖಲಾದವರಾಗಿರಬೇಕು. ಪಾಠ ಮಾಡುವವರು ಆ ಕಾಲೇಜಿನ ಪೂರ್ಣಾವಧಿ ಕಾಯಂ ನೌಕರರಾಗಿರಬೇಕು.

ಮೂರೂ ಷರತ್ತುಗಳನ್ನು ಬಿಡಿಬಿಡಿಯಾಗಿ ಓದಿದರೆ ದೊಡ್ಡದೇನೂ ಅನಿಸುವುದಿಲ್ಲ. ಅಧ್ಯಯನ ಗಂಭೀರವಾಗಿರಲಿ ಎಂದು ಮಾಡಿದ ಹಾಗೆ ಕಾಣುತ್ತದೆ. ಆದರೆ ಸಂಜೆ ಅಂಗಡಿಯಲ್ಲಿ ಕೆಲಸ ಮಾಡಿ ಫೀಸು ಕಟ್ಟುವ ಹುಡುಗಿ 10 ವಾರ ಕೆಲಸ ಬಿಟ್ಟು ಹೋಗಲು ಆಗುತ್ತದೆಯೇ? ಎಂಜಿನಿಯರಿಂಗ್ ಓದುವವನು ಲ್ಯಾಬ್ ಬಿಟ್ಟು ಹೋಗುತ್ತಾನೆಯೇ? ಸಣ್ಣ ಕಾಲೇಜಿನಲ್ಲಿ ಕ್ಯೂಬಾ ಬಗ್ಗೆ ಆಸಕ್ತಿ ಇರುವವರು ನಾಲ್ಕೇ ಜನ. ಅವರು ಮೊದಲು ಪಕ್ಕದ ದೊಡ್ಡ ವಿಶ್ವವಿದ್ಯಾಲಯದ ತಂಡದ ಜೊತೆ ಸೇರಿ ಹೋಗುತ್ತಿದ್ದರು. ಆ ದಾರಿಯೂ ಮುಚ್ಚಿತು. ಕ್ಯೂಬಾ ವಿಷಯ ಚೆನ್ನಾಗಿ ಬಲ್ಲ ಅತಿಥಿ ಉಪನ್ಯಾಸಕರು ಕಾಯಂ ನೌಕರರಲ್ಲ ಎಂಬ ಕಾರಣಕ್ಕೆ ಹೊರಗುಳಿದರು. ಫಲ ಕಣ್ಣಿಗೆ ಕಾಣುವಂತಿತ್ತು. ಹಿಂದಿನ ವರ್ಷ ಎರಡು ಸಾವಿರಕ್ಕೂ ಜಾಸ್ತಿ ಅಮೆರಿಕನ್ ವಿದ್ಯಾರ್ಥಿಗಳು ಕ್ಯೂಬಾದಲ್ಲಿ ಓದಿದ್ದರು. ನಿಯಮ ಬಂದ ಮರುವರ್ಷ ಅದು ಇನ್ನೂರಕ್ಕಿಂತ ಕೆಳಗೆ ಬಂತು.

ಪ್ರೊಫೆಸರುಗಳು ಸುಮ್ಮನಿರಲಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯೂಬಾ ಕೋರ್ಸು ನಡೆಸುತ್ತಿದ್ದ ವೇಯ್ನ್ ಸ್ಮಿತ್ ಮುಂದಾಳಾದರು. ಇವರು ಹಿಂದೆ ಹವಾನಾದಲ್ಲಿ ಅಮೆರಿಕದ ಪ್ರತಿನಿಧಿ ಕಚೇರಿಯ ಮುಖ್ಯಸ್ಥರಾಗಿದ್ದವರು. ರೇಗನ್ ಸರ್ಕಾರದ ಕ್ಯೂಬಾ ನೀತಿ ಒಪ್ಪದೆ 1982ರಲ್ಲಿ ವಿದೇಶಾಂಗ ಸೇವೆ ಬಿಟ್ಟು ಬಂದಿದ್ದರು. ಅವರೂ ಬೇರೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಖಜಾನೆ ಇಲಾಖೆಯ ಮೇಲೆ ದಾವೆ ಹೂಡಿದರು. ಅವರ ವಾದ ನೇರವಾಗಿತ್ತು. ಏನು ಕಲಿಸಬೇಕು, ಹೇಗೆ ಕಲಿಸಬೇಕು, ಯಾರು ಕಲಿಸಬೇಕು, ಯಾರು ಕಲಿಯಬೇಕು ಎನ್ನುವುದು ವಿಶ್ವವಿದ್ಯಾಲಯದ ಸ್ವಾತಂತ್ರ್ಯ. ಕೋರ್ಸು ಎಷ್ಟು ವಾರ ಇರಬೇಕು ಎಂದು ಹೇಳಲು ಖಜಾನೆ ಯಾರು?

2008ರ ನವೆಂಬರ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಅವರ ವಿರುದ್ಧ ತೀರ್ಪು ಕೊಟ್ಟಿತು. ನಿಯಮ ಯಾವ ವಿಚಾರವನ್ನೂ ಗುರಿ ಮಾಡಿಲ್ಲ, ಕ್ಯೂಬಾ ಸರ್ಕಾರಕ್ಕೆ ಹೋಗುವ ಡಾಲರನ್ನು ತಡೆಯುತ್ತದೆ ಅಷ್ಟೇ, ಎಂದಿತು. ನನಗೆ ಈ ತೀರ್ಪು ಸಮಾಧಾನ ಕೊಡುವುದಿಲ್ಲ. ಡಾಲರ್ ಉಳಿಸುವುದೇ ಉದ್ದೇಶವಾದರೆ 10 ವಾರದ ಪ್ರವಾಸಕ್ಕಿಂತ 2 ವಾರದ ಪ್ರವಾಸದಲ್ಲಿ ಒಬ್ಬ ವಿದ್ಯಾರ್ಥಿ ಖರ್ಚು ಮಾಡುವುದು ಕಡಿಮೆ ತಾನೆ? ಸಣ್ಣ ಕೋರ್ಸನ್ನು ನಿಲ್ಲಿಸಿ ದೊಡ್ಡದನ್ನು ಉಳಿಸಿದ ನಿಯಮ ಮಾಡಿದ್ದು ಒಂದೇ ಕೆಲಸ. ಹೋಗುವವರ ತಲೆ ಎಣಿಕೆ ಇಳಿಸಿತು. ಮೊದಲು ಇಳಿದವರು ಹಣ, ಸಮಯ ಎರಡೂ ಇಲ್ಲದ ಮನೆಗಳ ಮಕ್ಕಳು.

ನಿರ್ಬಂಧ ಬೇಕು ಎನ್ನುವವರ ಮಾತನ್ನೂ ಸರಿಯಾಗಿ ಕೇಳಬೇಕು. ಅವರಲ್ಲಿ ಬಹಳ ಜನ ಕ್ಯೂಬಾ ಬಿಟ್ಟು ಓಡಿಬಂದ ಕುಟುಂಬದವರು. ಆಸ್ತಿ ಹೋಗಿದೆ, ಬಂಧುಗಳು ಜೈಲು ಕಂಡಿದ್ದಾರೆ. 2021ರ ಜುಲೈ 11ರಂದು ಕ್ಯೂಬಾದ ಬೀದಿಗಳಲ್ಲಿ ಜನ ಅನ್ನ, ಔಷಧಿ, ಸ್ವಾತಂತ್ರ್ಯ ಕೇಳಿ ಹೊರಬಂದಾಗ ನೂರಾರು ಜನರನ್ನು ಹಿಡಿದು ಹಾಕಿದರು. ಅಲ್ಲಿನ ಪ್ರವಾಸೋದ್ಯಮದ ದೊಡ್ಡ ಪಾಲು ಸೈನ್ಯದ ಗಾಎಸಾ ಎಂಬ ಕಂಪನಿ ಕೂಟದ ಕೈಯಲ್ಲಿದೆ. ಹೋಟೆಲ್ ಬಿಲ್ ಕಟ್ಟಿದರೆ ಆ ಹಣ ಯಾರ ಜೇಬಿಗೆ ಹೋಗುತ್ತದೆ ಎಂದು ಅವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. 2017ರಿಂದ ಅಮೆರಿಕ ಇಂಥ ಸಂಸ್ಥೆಗಳ ಪಟ್ಟಿ ಇಟ್ಟಿದೆ. 2020ರಲ್ಲಿ 400ಕ್ಕೂ ಜಾಸ್ತಿ ಹೋಟೆಲುಗಳ ಇನ್ನೊಂದು ಪಟ್ಟಿ ಬಂತು. ಹವಾನಾದ ಹೆಸರಾಂತ ಹೋಟೆಲ್ ನ್ಯಾಸಿಯೊನಾಲ್ ಕೂಡ ಅದರಲ್ಲಿದೆ. ಹಾಗಾಗಿ ಈಗ ವಿದ್ಯಾರ್ಥಿಗಳು ಉಳಿಯುವುದು ಹೆಚ್ಚಾಗಿ ಮನೆಗಳಲ್ಲಿ, ಅಲ್ಲಿನವರು ಕಾಸಾ ಪಾರ್ತಿಕುಲಾರ್ ಎನ್ನುವ ಬಾಡಿಗೆ ಕೋಣೆಗಳಲ್ಲಿ. ಹಣ ನೇರ ಒಂದು ಕುಟುಂಬಕ್ಕೆ ಹೋಗುತ್ತದೆ. ಬೆಳಗಿನ ತಿಂಡಿಯ ಹೊತ್ತಿಗೆ ಅಜ್ಜಿಯೊಬ್ಬರ ಜೊತೆ ಮಾತು ಸಿಗುತ್ತದೆ. ಈ ಹೋಟೆಲ್ ನಿಯಮವನ್ನು ನಾನು ಒಪ್ಪುತ್ತೇನೆ. ಇದು ಹಣ ಹೋಗುವ ದಾರಿಯನ್ನು ನೋಡಿ ಮಾಡಿದ್ದು. 2004ರ ನಿಯಮ ಹಾಗಲ್ಲ. ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. 1988ರಲ್ಲಿ ಅಮೆರಿಕದ ಸಂಸತ್ತು ಒಂದು ಒಳ್ಳೆಯ ತಿದ್ದುಪಡಿ ಮಾಡಿತು. ಬರ್ಮನ್ ತಿದ್ದುಪಡಿ ಎನ್ನುತ್ತಾರೆ. ಪುಸ್ತಕ, ಪತ್ರಿಕೆ, ಸಿನಿಮಾ, ಹಾಡಿನ ತಟ್ಟೆಗಳನ್ನು ವ್ಯಾಪಾರ ನಿರ್ಬಂಧದಿಂದ ಹೊರಗಿಟ್ಟರು. ವಿಚಾರಕ್ಕೆ ಗಡಿ ಬೇಡ ಎಂಬುದು ಅದರ ಹಿಂದಿನ ನಂಬಿಕೆ. ಅಂದರೆ ಕ್ಯೂಬಾದ ಕಾದಂಬರಿಯೊಂದು ಹವಾನಾದಿಂದ ಬೋಸ್ಟನ್‌ಗೆ ಯಾವ ಲೈಸೆನ್ಸೂ ಇಲ್ಲದೆ ಬರಬಹುದು. ಅದನ್ನು ಓದಿದ ವಿದ್ಯಾರ್ಥಿ ಆ ಕಾದಂಬರಿಯ ಬೀದಿ ನೋಡಲು ಬೋಸ್ಟನ್‌ನಿಂದ ಹವಾನಾಕ್ಕೆ ಹೋಗಬೇಕಾದರೆ ಲೈಸೆನ್ಸ್ ಬೇಕು. ಅವಳು ಅಲ್ಲಿ ಕಲಿಯುವುದೂ ವಿಚಾರವೇ ಅಲ್ವಾ? ಅದು ಅಚ್ಚಾಗಿ ಬಂದಿಲ್ಲ, ಅಷ್ಟೇ ವ್ಯತ್ಯಾಸ.

ಕೇಂದ್ರ ಸರ್ಕಾರದ ಕಾನೂನು ಸಾಲದು ಎಂದು ಫ್ಲೋರಿಡಾ 2006ರಲ್ಲಿ ತನ್ನದೇ ಕಾಯ್ದೆ ಮಾಡಿತು. ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳು ಎಂದು ಅಮೆರಿಕ ಪಟ್ಟಿ ಮಾಡಿದ ದೇಶಗಳಿಗೆ ಹೋಗಲು ರಾಜ್ಯದ ವಿಶ್ವವಿದ್ಯಾಲಯಗಳು ಹಣ ಬಳಸುವಂತಿಲ್ಲ. ಖಾಸಗಿ ದೇಣಿಗೆ ಬಂದರೂ ವಿಶ್ವವಿದ್ಯಾಲಯದ ಲೆಕ್ಕದ ಮೂಲಕ ಹೋಗುವಂತಿಲ್ಲ. ಮಯಾಮಿಯ ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದಲ್ಲಿ ಕ್ಯೂಬಾ ಅಧ್ಯಯನಕ್ಕೇ ಒಂದು ಸಂಸ್ಥೆ ಇದೆ. ಕ್ಯೂಬಾಕ್ಕೆ ಹತ್ತಿರದಲ್ಲಿ ಕೂತು, ಕ್ಯೂಬಾ ಬಗ್ಗೆ ಇಷ್ಟು ಆಳವಾಗಿ ಓದುವ ಅಲ್ಲಿನ ಅಧ್ಯಾಪಕರೇ ಕೋರ್ಟಿಗೆ ಹೋದರು. ಕೆಳ ಕೋರ್ಟು ಸ್ವಲ್ಪ ಮಟ್ಟಿಗೆ ಅವರ ಮಾತು ಒಪ್ಪಿತು. 2010ರಲ್ಲಿ ಮೇಲಿನ ಕೋರ್ಟು ರಾಜ್ಯದ ಪರ ನಿಂತಿತು. ಈ ಕಾಯ್ದೆ ಆ ಪಟ್ಟಿಯ ಜೊತೆ ಏರುತ್ತದೆ, ಇಳಿಯುತ್ತದೆ. 2015ರ ಮೇನಲ್ಲಿ ಒಬಾಮಾ ಸರ್ಕಾರ ಕ್ಯೂಬಾವನ್ನು ಪಟ್ಟಿಯಿಂದ ತೆಗೆಯಿತು. 2021ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಮತ್ತೆ ಸೇರಿಸಿತು. 2025ರ ಜನವರಿ 14ರಂದು ಬೈಡನ್ ತೆಗೆಯುತ್ತೇನೆ ಎಂದರು. ಆರೇ ದಿನಕ್ಕೆ, ಜನವರಿ 20ರಂದು ಟ್ರಂಪ್ ಆ ತೀರ್ಮಾನವನ್ನು ರದ್ದು ಮಾಡಿದರು. ನಾಲ್ಕು ವರ್ಷದ ಪಿಎಚ್‌ಡಿಗೆ ಕ್ಯೂಬಾದ ವಿಷಯ ಆರಿಸಿಕೊಂಡವರ ಪಾಡು ಯೋಚಿಸಿ.

ನಡುವಿನ ಒಳ್ಳೆಯ ದಿನಗಳನ್ನು ಮರೆಯಬಾರದು. 2011ರಲ್ಲಿ ಒಬಾಮಾ 10 ವಾರದ ಷರತ್ತು ತೆಗೆದರು. 2014ರ ಡಿಸೆಂಬರ್ 17ರಂದು ಎರಡೂ ದೇಶಗಳು ಮತ್ತೆ ಮಾತಾಡುತ್ತೇವೆ ಎಂದವು. 2016ರ ಆಗಸ್ಟ್ 31ರಂದು ಅರ್ಧ ಶತಮಾನದ ಮೇಲೆ ಮೊದಲ ನಿಯಮಿತ ವಿಮಾನ ಫೋರ್ಟ್ ಲಾಡರ್‌ಡೇಲ್‌ನಿಂದ ಸಾಂತಾ ಕ್ಲಾರಾಗೆ ಹಾರಿತು. ಆ ವರ್ಷಗಳಲ್ಲಿ ಹೋದ ವಿದ್ಯಾರ್ಥಿಗಳು 1728ರಲ್ಲಿ ಶುರುವಾದ ಹವಾನಾ ವಿಶ್ವವಿದ್ಯಾಲಯದ ಅಗಲವಾದ ಮೆಟ್ಟಿಲುಗಳ ಮೇಲೆ ಕ್ಯೂಬಾದ ಸಹಪಾಠಿಗಳ ಜೊತೆ ಕೂತು ಹರಟಿದರು. ಆಮೇಲೆ 2017ರಲ್ಲಿ, 2019ರಲ್ಲಿ ಮತ್ತೆ ಬಿಗಿಯಾಯಿತು. ಆದರೂ ಕ್ರೆಡಿಟ್ ಕೋರ್ಸಿನ ಬಾಗಿಲನ್ನು ಯಾರೂ ಮುಚ್ಚಿಲ್ಲ.

ಕಾಗದದ ಮೇಲೆ ಬಾಗಿಲು ತೆರೆದಿದೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ತಪ್ಪಾದರೆ ಸಿವಿಲ್ ದಂಡವೇ 1 ಲಕ್ಷ ಡಾಲರ್ ದಾಟಬಹುದು. ಇದನ್ನು ಕಂಡ ಕಾಲೇಜಿನ ಕಾನೂನು ಅಧಿಕಾರಿಗಳು ಹೆದರುತ್ತಾರೆ. ಅಮೆರಿಕದ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಇಡೀ ತಂಡದ ಖರ್ಚನ್ನು ಪ್ರೊಫೆಸರ್ ನೋಟಿನ ಕಟ್ಟುಗಳಲ್ಲಿ ಒಯ್ಯಬೇಕು. ಲ್ಯಾಬಿನ ವಿಶೇಷ ಉಪಕರಣ ಒಯ್ಯುವುದಾದರೆ ಅದಕ್ಕೆ ಬೇರೆಯೇ ರಫ್ತು ನಿಯಮ. ಅದರ ಮೇಲೆ ಕ್ಯೂಬಾದ ಇಂದಿನ ಕಷ್ಟ. 2024ರ ಅಕ್ಟೋಬರ್‌ನಲ್ಲಿ ಇಡೀ ದೇಶದ ವಿದ್ಯುತ್ ಜಾಲವೇ ಕುಸಿದುಬಿತ್ತು. ಇಷ್ಟೆಲ್ಲ ನೋಡಿ ಈ ವರ್ಷ ಕೋಸ್ಟರಿಕಾಕ್ಕೆ ಹೋಗೋಣ ಬಿಡಿ ಎಂದು ಒಬ್ಬ ಡೀನ್ ಹೇಳಿದರೆ ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ನಿರ್ಬಂಧ ಕೆಲಸ ಮಾಡುವುದು ಹೀಗೇ. ಬೇಡ ಎಂದು ಬರೆಯುವ ಅಗತ್ಯವೇ ಇಲ್ಲ, ಹೆದರಿಕೆ ಸಾಕು.

ಇದೇ ಕಾಲದಲ್ಲಿ ಕ್ಯೂಬಾದ ಕಡೆಯಿಂದ ತೆರೆದ ಒಂದು ದಾರಿಯೂ ಉಳಿದುಕೊಂಡಿದೆ. ಹವಾನಾದ ಹತ್ತಿರ, ಹಳೆಯ ನೌಕಾಪಡೆ ಶಾಲೆಯ ಕಟ್ಟಡಗಳಲ್ಲಿ, 1999ರಲ್ಲಿ ಲ್ಯಾಟಿನ್ ಅಮೆರಿಕನ್ ವೈದ್ಯಕೀಯ ಶಾಲೆ ಶುರುವಾಯಿತು. ಅಮೆರಿಕದ ಬಡ ಕುಟುಂಬಗಳ ಮಕ್ಕಳು ಅಲ್ಲಿ ಫೀಸಿಲ್ಲದೆ ಡಾಕ್ಟರಾಗಿದ್ದಾರೆ. ಓದು ಮುಗಿಸಿ ತಮ್ಮ ದೇಶದಲ್ಲಿ ವೈದ್ಯರಿಲ್ಲದ ಕಡೆ ಕೆಲಸ ಮಾಡುತ್ತೇವೆ ಎಂಬ ಮಾತು ಅವರಿಂದ ಬೇಕು. 2004ರ ನಿಯಮ ಇವರ ಓದಿಗೂ ಕುತ್ತು ತಂದಿತ್ತು. ಕಪ್ಪು ಜನಾಂಗದ ಸಂಸದರು ಹೋರಾಡಿ ಇವರಿಗೆ ವಿನಾಯಿತಿ ಕೊಡಿಸಿದರು.

ಇದು ನಮ್ಮವರಿಗೂ ತಾಗುವ ವಿಷಯ. 2024-25ರಲ್ಲಿ ಅಮೆರಿಕದಲ್ಲಿ 3,63,019 ಭಾರತೀಯ ವಿದ್ಯಾರ್ಥಿಗಳಿದ್ದರು. ಕರ್ನಾಟಕದ ಊರು ಊರಿನ ಮಕ್ಕಳು ಅವರಲ್ಲಿದ್ದಾರೆ. ಕ್ಯೂಬಾ ನಿರ್ಬಂಧ ಅಮೆರಿಕದ ಪ್ರಜೆಗಳಿಗೆ ಮಾತ್ರ, ನನ್ನದು ಭಾರತದ ಪಾಸ್‌ಪೋರ್ಟ್, ನನಗೇನು ಎಂದು ಅವರು ಅಂದುಕೊಂಡರೆ ಸಹಜ. ಅದು ತಪ್ಪು. ಅಮೆರಿಕದ ನೆಲದ ಮೇಲಿರುವ ಯಾರಿಗೇ ಆದರೂ ಈ ನಿಯಮ ಅನ್ವಯಿಸುತ್ತದೆ. ದಾವಣಗೆರೆಯಲ್ಲಿ ವಾಸಿಸುವವರು ಯುರೋಪ್ ಮೂಲಕ ಕ್ಯೂಬಾಕ್ಕೆ ಮೋಜಿಗೆ ಹೋದರೆ ಓಫ್ಯಾಕ್ ಕೇಳುವುದಿಲ್ಲ. ಅದೇ ಮನೆಯ ಮಗ ಟೆಕ್ಸಸ್‌ನಲ್ಲಿ ಎಂ.ಎಸ್. ಓದುತ್ತಾ ಮಯಾಮಿಯಿಂದ ಹೊರಟರೆ ಆ 12 ಕಾರಣಗಳಲ್ಲಿ ಒಂದನ್ನು ತೋರಿಸಲೇಬೇಕು.

ಇನ್ನೊಂದು ಸಣ್ಣ ಅಂಶ ಇದೆ, ಗೊತ್ತಿಲ್ಲದಿದ್ದರೆ ಒಂದು ವರ್ಷದ ಓದೇ ಹಾಳಾದೀತು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದ ಮುದ್ರೆಯ ಅವಧಿ ಮುಗಿದಿದ್ದರೂ ಬೇರೆ ಕಾಗದಗಳು ಸರಿ ಇದ್ದರೆ ಕೆನಡಾ, ಮೆಕ್ಸಿಕೋ ಮತ್ತು ಅಕ್ಕಪಕ್ಕದ ದ್ವೀಪಗಳಿಗೆ 30 ದಿನದೊಳಗೆ ಹೋಗಿ ವಾಪಸ್ ಬರಬಹುದು. ಪಿಎಚ್‌ಡಿ ಮಾಡುವವರಲ್ಲಿ ಹಲವರು ಈ ಅನುಕೂಲ ಬಳಸಿಕೊಳ್ಳುತ್ತಾರೆ. ಜಮೈಕಾ ಆಗಬಹುದು, ಬಹಾಮಾಸ್ ಆಗಬಹುದು. ಆ ನಿಯಮದಲ್ಲೇ ಕ್ಯೂಬಾವನ್ನು ಹೆಸರಿಸಿ ಹೊರಗಿಟ್ಟಿದ್ದಾರೆ. ಮುದ್ರೆ ಮುಗಿದ ವಿದ್ಯಾರ್ಥಿ ಕಾಲೇಜಿನ ತಂಡದ ಜೊತೆ, ಲೈಸೆನ್ಸಿನ ಪ್ರಕಾರವೇ ಹವಾನಾಕ್ಕೆ ಹೋದರೂ ಹೊಸ ವೀಸಾ ಇಲ್ಲದೆ ಅಮೆರಿಕಕ್ಕೆ ವಾಪಸ್ ಬರಲಾರರು. ಜೊತೆಯವರು ಸೋಮವಾರ ತರಗತಿಗೆ ಹೋಗುತ್ತಾರೆ. ಇವರು ವೀಸಾ ಸಂದರ್ಶನದ ದಿನಾಂಕಕ್ಕೆ ಕಾಯಬೇಕು. ಟಿಕೆಟ್ ಕೊಳ್ಳುವ ಮೊದಲೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಹೋಗಿ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಯಾವ ಕೋರ್ಸಿಗೆ ಹೋದಿರಿ, ಎಲ್ಲಿ ಉಳಿದಿರಿ, ಯಾರಿಗೆ ಹಣ ಕೊಟ್ಟಿರಿ ಎಂಬ ಕಾಗದಗಳನ್ನು ಕಾಪಾಡಿ ಇಡಬೇಕು. ಮೊದಲು 5 ವರ್ಷ ಇಟ್ಟರೆ ಸಾಕಿತ್ತು. 2025ರ ಮಾರ್ಚ್ 12ರಿಂದ ಅದು 10 ವರ್ಷ. 20ನೇ ವಯಸ್ಸಿನಲ್ಲಿ ಒಂದು ವಾರ ಹವಾನಾದಲ್ಲಿ ಪಾಠ ಕೇಳಿ ಬಂದ ಹುಡುಗಿ, ಅಲ್ಲಿನ ಅಜ್ಜಿ ಕೈಯಲ್ಲಿ ಬರೆದುಕೊಟ್ಟ ಕೋಣೆ ಬಾಡಿಗೆಯ ಚೀಟಿಯನ್ನು 30 ತುಂಬುವವರೆಗೆ ಜೋಪಾನ ಮಾಡಬೇಕು.